ಇದೇ ಆಕಾರ ಯಾಕೆ? ಬೀದಿಯ ಶಿಲ್ಪದಿಂದ ಮರದ ನೆರಳಿನ ತನಕ ಗಣಿತ, ವಿಜ್ಞಾನ

ಎರಡು ಕಂಬಗಳ ನಡುವೆ ವಿದ್ಯುತ್ ತಂತಿ ತುಸು ಜೋತುಬಿದ್ದಿರುತ್ತದೆ. ಎಷ್ಟೇ ಬಿಗಿದು ಕಟ್ಟಿದರೂ ಅದು ಪೂರ್ತಿ ನೆಟ್ಟಗಾಗುವುದಿಲ್ಲ. ಆ ಜೋಲಿಗೆ ಒಂದು ನಿಖರವಾದ ಆಕಾರವಿದೆ. ಅದನ್ನು ಯಾರೂ ಕೂತು ಬಿಡಿಸಿಲ್ಲ. ತಂತಿಯ ಉದ್ದ ಎಷ್ಟು, ಎರಡು ತುದಿ ಎಲ್ಲಿವೆ ಅನ್ನುವುದು ಗೊತ್ತಾದರೆ ಮುಗಿಯಿತು. ಬೇರೆ ಆಕಾರಕ್ಕೆ ಜಾಗವೇ ಇಲ್ಲ.

ಸುತ್ತಮುತ್ತ ಗಣಿತ ನೋಡಿ ಅಂತ ಹೇಳುವವರು ಸಾಮಾನ್ಯವಾಗಿ ಆಕಾರಗಳನ್ನು ಎಣಿಸೋಕೆ ಹೇಳುತ್ತಾರೆ. ಕಿಟಕಿ ಆಯತ, ಚಕ್ರ ವೃತ್ತ, ಛಾವಣಿ ತ್ರಿಕೋನ. ನಿಜ ಹೇಳಬೇಕೆಂದರೆ ಅದರಲ್ಲಿ ಸ್ವಾರಸ್ಯ ಕಡಿಮೆ. ಅದು ಹೆಸರು ಹೇಳುವ ಆಟ, ಅಷ್ಟೇ. ಅದರ ಬದಲು ಒಂದು ಪ್ರಶ್ನೆ ಕೇಳಿ ನೋಡಿ: ಇದೇ ಆಕಾರ ಯಾಕೆ? ಬೇರೆ ಥರ ಇದ್ದಿದ್ದರೆ ಏನು ಕೆಡುತ್ತಿತ್ತು? ಗಣಿತ, ವಿಜ್ಞಾನ ಎರಡೂ ಆಗ ತಾವಾಗಿಯೇ ಹೊರಬರುತ್ತವೆ.

ರಸ್ತೆಯ ಮ್ಯಾನ್‌ಹೋಲ್ ಮುಚ್ಚಳದ ಮೇಲೆ ಈ ಪ್ರಶ್ನೆ ಹಾಕೋಣ. ಬಹುಪಾಲು ಕಡೆ ಅದು ದುಂಡಗಿರುತ್ತದೆ. ಚೌಕವಾಗಿದ್ದರೆ? ಒಂದು ಬದಿ 60 ಸೆಂ.ಮೀ. ಇದ್ದರೆ ಮೂಲೆಯಿಂದ ಮೂಲೆಗೆ ಸುಮಾರು 85 ಸೆಂ.ಮೀ. ಆಗುತ್ತದೆ. ಮುಚ್ಚಳವನ್ನು ನೆಟ್ಟಗೆ ನಿಲ್ಲಿಸಿ ಗುಂಡಿಯ ಮೂಲೆಯಿಂದ ಮೂಲೆಗೆ ಹಿಡಿದರೆ ಸಲೀಸಾಗಿ ಒಳಗೆ ಬಿದ್ದುಹೋಗುತ್ತದೆ. ದುಂಡನೆಯ ಮುಚ್ಚಳ ಬೀಳುವುದಿಲ್ಲ. ಅದನ್ನು ಯಾವ ಕಡೆಗೆ ತಿರುಗಿಸಿದರೂ ಅಗಲ ಅಷ್ಟೇ ಇರುತ್ತದೆ, ಕೆಳಗಿನ ಅಂಚಿನ ಬಾಯಿ ಅದಕ್ಕಿಂತ ತುಸು ಕಿರಿದು. ಉರುಳಿಸಿಕೊಂಡು ಹೋಗಬಹುದು, ಯಾವ ದಿಕ್ಕಿಗಿಟ್ಟರೂ ಕೂರುತ್ತದೆ ಅನ್ನುವ ಅನುಕೂಲಗಳೂ ಇವೆ ಅನ್ನಿ.

ಹಾಗಂತ ಈ ಗುಣ ವೃತ್ತದ ಸ್ವಂತ ಆಸ್ತಿಯಲ್ಲ. ಒಂದು ಸಮಬಾಹು ತ್ರಿಕೋನ ಬಿಡಿಸಿ. ಪ್ರತಿ ಮೂಲೆಯಲ್ಲೂ ಕೈವಾರದ ಮುಳ್ಳು ಊರಿ, ಎದುರು ಬದಿಯ ಎರಡು ತುದಿಗಳನ್ನು ಸೇರಿಸುವ ಕಮಾನು ಎಳೆಯಿರಿ. ಉಬ್ಬಿದ ತ್ರಿಕೋನವೊಂದು ಸಿಗುತ್ತದೆ. ರೂಲೋ ತ್ರಿಕೋನ ಅಂತ ಇದರ ಹೆಸರು. ಇದರ ಅಗಲವೂ ಎಲ್ಲ ದಿಕ್ಕಿನಲ್ಲೂ ಒಂದೇ. ಬ್ರಿಟನ್ನಿನ 50 ಪೆನ್ಸ್ ನಾಣ್ಯ ಇದೇ ಜಾತಿಯದು, ಏಳು ಮೂಲೆಯದ್ದು. ನಾಣ್ಯ ಹಾಕುವ ಯಂತ್ರ ಅದರ ಅಗಲ ಅಳೆಯುತ್ತದೆ. ನಾಣ್ಯ ಹೇಗೆ ಹೊರಳಿಕೊಂಡು ಬಂದರೂ ಅಳತೆ ಬದಲಾಗುವುದಿಲ್ಲ.

ಜೋತುಬಿದ್ದ ಸರಪಳಿ, ತಲೆಕೆಳಗಾದ ಕಮಾನು

ತಂತಿಗೆ ಮರಳೋಣ. ತಂತಿಯ ಬದಲು ಸರಪಳಿ ಅಂದುಕೊಂಡರೆ ಯೋಚಿಸುವುದು ಸುಲಭ. ಸರಪಳಿಯ ಕೊಂಡಿಗೆ ಗೊತ್ತಿರುವುದು ಒಂದೇ ಕೆಲಸ, ಎಳೆಯುವುದು. ಅದು ಪಕ್ಕದ ಕೊಂಡಿಯನ್ನು ತಳ್ಳಲಾರದು, ಬಗ್ಗಿಸಿದರೆ ಎದುರು ನಿಲ್ಲಲಾರದು. ಹಾಗಾಗಿ ತನ್ನ ತೂಕವನ್ನೆಲ್ಲ ಬರೀ ಎಳೆತದಿಂದಲೇ ಹೊರಬಹುದಾದ ಆಕಾರ ಸಿಗುವ ತನಕ ಸರಪಳಿ ಓಲಾಡುತ್ತದೆ. ಸಿಕ್ಕ ಮೇಲೆ ಸುಮ್ನೆ ನಿಲ್ಲುತ್ತದೆ. ಈ ಗೆರೆಗೆ ಕ್ಯಾಟನರಿ ಅನ್ನುತ್ತಾರೆ.

ನೋಡಿದರೆ ಪ್ಯಾರಾಬೋಲಾ ಥರವೇ ಇರುತ್ತದೆ. ಎಸೆದ ಕಲ್ಲು ಗಾಳಿಯಲ್ಲಿ ಹೋಗುವ ದಾರಿ ಪ್ಯಾರಾಬೋಲಾ. ಗೆಲಿಲಿಯೋ 1638ರ ತನ್ನ ಪುಸ್ತಕದಲ್ಲಿ ಜೋತುಬಿದ್ದ ಸರಪಳಿಯನ್ನು ಈ ಪ್ಯಾರಾಬೋಲಾಗೆ ಹೋಲಿಸಿದ. ಜೋಲು ಕಡಿಮೆ ಇದ್ದಷ್ಟೂ ಎರಡೂ ಹತ್ತಿರ ಹತ್ತಿರ ಬರುತ್ತವೆ ಅಂದ. ಅದು ಸರಿಯೇ. ಆದರೆ ಎರಡೂ ಒಂದೇ ಅಲ್ಲ. ಸರಿಯಾದ ಸಮೀಕರಣಕ್ಕೆ 1691ರ ತನಕ ಕಾಯಬೇಕಾಯಿತು. ಆ ವರ್ಷ ಗಣಿತಜ್ಞರಾದ ಹೈಗೆನ್ಸ್, ಲೈಬ್ನಿಟ್ಸ್ ಮತ್ತು ಯೋಹಾನ್ ಬರ್ನೂಲಿ ಮೂವರೂ ಬೇರೆಬೇರೆಯಾಗಿ ಉತ್ತರ ಕೊಟ್ಟರು.

ವ್ಯತ್ಯಾಸ ಎಲ್ಲಿದೆ? ಬರೀ ಸರಪಳಿಯಲ್ಲಿ ತೂಕ ಸರಪಳಿಯ ಉದ್ದಕ್ಕೂ ಸಮನಾಗಿ ಹಂಚಿರುತ್ತದೆ. ಕಂಬದ ಹತ್ತಿರ ಸರಪಳಿ ಕಡಿದಾಗಿ ಇಳಿಯುತ್ತದಲ್ಲ, ಅಲ್ಲಿ ಒಂದು ಮೀಟರ್ ಅಡ್ಡ ಅಗಲದೊಳಗೆ ಜಾಸ್ತಿ ಸರಪಳಿ ಇರುತ್ತದೆ, ಅಂದರೆ ಜಾಸ್ತಿ ತೂಕ. ತೂಗುಸೇತುವೆಯ ಕೇಬಲ್ ಹಾಗಲ್ಲ. ಅದು ಮುಖ್ಯವಾಗಿ ಹೊರುವುದು ತನ್ನ ತೂಕವನ್ನಲ್ಲ, ಕೆಳಗಿನ ರಸ್ತೆಯನ್ನು. ರಸ್ತೆ ಮಟ್ಟಸ. ಪ್ರತಿ ಮೀಟರ್ ಅಡ್ಡ ಅಗಲಕ್ಕೂ ಅದರ ಭಾರ ಒಂದೇ. ಹಾಗೆ ಭಾರ ಬಿದ್ದಾಗ ಕೇಬಲ್ ಪ್ಯಾರಾಬೋಲಾ ಆಗುತ್ತದೆ. ಕಂಬದ ತಂತಿ ಮತ್ತು ಸೇತುವೆಯ ಕೇಬಲ್ ಕಣ್ಣಿಗೆ ಒಂದೇ ಥರ ಕಂಡರೂ ಅವುಗಳ ಲೆಕ್ಕ ಬೇರೆ.

ತೂಗುಸೇತುವೆಯ ಮಾತು ಬಂತಲ್ಲ, ನನಗೆ ತುಂಬ ಇಷ್ಟವಾದ ಒಂದು ಲೆಕ್ಕ ಹೇಳಿಬಿಡುತ್ತೇನೆ. ನ್ಯೂಯಾರ್ಕ್‌ನಲ್ಲಿ 1964ರಲ್ಲಿ ಸಂಚಾರಕ್ಕೆ ತೆರೆದ ವೆರಜಾನೊ ನ್ಯಾರೋಸ್ ಸೇತುವೆಗೆ ಎರಡು ಗೋಪುರಗಳಿವೆ. ಎತ್ತರ 211 ಮೀಟರ್, ಎರಡರ ನಡುವೆ 1,298 ಮೀಟರ್ ದೂರ. ಎರಡೂ ಪೂರ್ತಿ ನೆಟ್ಟಗೆ ನಿಂತಿವೆ. ಆದರೂ ಬುಡಕ್ಕಿಂತ ತುದಿಯಲ್ಲಿ ಅವುಗಳ ಅಂತರ ಸುಮಾರು 4 ಸೆಂ.ಮೀ. ಜಾಸ್ತಿ. ನೆಟ್ಟಗೆ ಅಂದರೆ ಭೂಮಿಯ ಕೇಂದ್ರದಿಂದ ಹೊರಗೆ ಹೋಗುವ ಗೆರೆ. ಭೂಮಿ ದುಂಡಗಿದೆ, ಆದ್ದರಿಂದ ಎರಡು ಜಾಗದ ನೆಟ್ಟನೆಯ ಗೆರೆಗಳು ಮೇಲೆ ಹೋದಂತೆ ಒಂದರಿಂದ ಒಂದು ದೂರವಾಗುತ್ತವೆ. ದೂರವನ್ನು ಎತ್ತರದಿಂದ ಗುಣಿಸಿ, ಭೂಮಿಯ ತ್ರಿಜ್ಯವಾದ 63,71,000 ಮೀಟರಿನಿಂದ ಭಾಗಿಸಿ. 0.043 ಮೀಟರ್ ಬರುತ್ತದೆ. ಭೂಮಿ ದುಂಡಗಿದೆ ಅಂತ ಉಕ್ಕಿನಲ್ಲೇ ಬರೆದಿಟ್ಟ ಹಾಗಾಯಿತು, ಅಲ್ವಾ?

ಇರಲಿ, ಸರಪಳಿ. 1675ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಒಂದು ವಾಕ್ಯದ ಅಕ್ಷರಗಳನ್ನೆಲ್ಲ ಕಲಸಿ, ಒಗಟಿನ ಥರ ಅಚ್ಚು ಹಾಕಿಸಿದ. ತಾನು ಕಂಡುಕೊಂಡದ್ದು ತನ್ನ ಹೆಸರಿಗೇ ಉಳಿಯಬೇಕು, ಆದರೆ ಬೇರೆಯವರಿಗೆ ಗುಟ್ಟು ಸಿಗಬಾರದು ಅನ್ನುವ ಆ ಕಾಲದ ಉಪಾಯ. ಅವನು ತೀರಿಕೊಂಡ ಮೇಲೆ, 1705ರಲ್ಲಿ, ಒಗಟು ಬಿಡಿಸಿದ ರೂಪ ಹೊರಬಂತು. ಹಗ್ಗ ಹೇಗೆ ಜೋಲುತ್ತದೋ ಅದನ್ನೇ ತಲೆಕೆಳಗು ಮಾಡಿದರೆ ಗಟ್ಟಿ ಕಮಾನು ಹಾಗೇ ನಿಲ್ಲುತ್ತದೆ ಅನ್ನುವುದು ಅದರ ತಾತ್ಪರ್ಯ.

ಯಾಕೆ ಹೀಗೆ? ಸರಪಳಿಯಲ್ಲಿ ಎಲ್ಲ ಕಡೆ ಬರೀ ಎಳೆತ. ಅದೇ ಆಕಾರವನ್ನು ಮಗುಚಿದರೆ ಪ್ರತಿಯೊಂದು ಎಳೆತವೂ ಅಷ್ಟೇ ಬಲದ ಒತ್ತಾಗುತ್ತದೆ. ಕಲ್ಲು, ಇಟ್ಟಿಗೆಗಳನ್ನು ಒತ್ತಿದರೆ ಗಟ್ಟಿಯಾಗಿ ನಿಲ್ಲುತ್ತವೆ, ಎಳೆದರೆ ಬಿರಿಯುತ್ತವೆ. ಬರೀ ಒತ್ತು ಇರುವ ಕಮಾನು ಅವುಗಳಿಗೆ ಹೇಳಿ ಮಾಡಿಸಿದ ಹಾಗೆ. ಸ್ಪೇನಿನ ವಾಸ್ತುಶಿಲ್ಪಿ ಆಂಟೊನಿ ಗೌಡಿ ಇದನ್ನೇ ಕೆಲಸಕ್ಕೆ ಹಚ್ಚಿದ. ಬಾರ್ಸಿಲೋನಾ ಹತ್ತಿರದ ಕೊಲೋನಿಯಾ ಗ್ವೆಲ್ ಚರ್ಚಿಗಾಗಿ ಛಾವಣಿಯಿಂದ ದಾರಗಳನ್ನು ಇಳಿಬಿಟ್ಟು, ಕಟ್ಟಡದ ಭಾರ ಎಲ್ಲೆಲ್ಲಿ ಬೀಳುತ್ತದೋ ಅಲ್ಲಲ್ಲಿ ಸೀಸದ ಗುಂಡು ತುಂಬಿದ ಪುಟ್ಟ ಚೀಲಗಳನ್ನು ಕಟ್ಟಿದ. ದಾರಗಳು ತಾವೇ ಹೊಂದಿಕೊಂಡು ನಿಂತವು. ಅದರ ಫೋಟೊ ತೆಗೆದು ಮಗುಚಿದರೆ ಕಟ್ಟಡದ ನಕ್ಷೆ ಸಿದ್ಧ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಲೆಕ್ಕ ಮಾಡಿಕೊಟ್ಟದ್ದು ಗುರುತ್ವಾಕರ್ಷಣೆ.

ಅಮೆರಿಕದ ಸೇಂಟ್ ಲೂಯಿ ನಗರದ ಗೇಟ್‌ವೇ ಆರ್ಚ್ ಇದೇ ಮನೆತನದ ದೊಡ್ಡ ಕುಡಿ. ಈರೊ ಸಾರಿನೆನ್ ರೂಪಿಸಿದ ಕಮಾನು ಅದು. ಎತ್ತರ 192 ಮೀಟರ್, ಕಾಲಿನಿಂದ ಕಾಲಿಗೆ ಅಗಲವೂ 192 ಮೀಟರ್. ನೋಡಿದರೆ ಮಾತ್ರ ಎತ್ತರವೇ ಜಾಸ್ತಿ ಅನ್ನಿಸುತ್ತದೆ. ನಮ್ಮ ಕಣ್ಣು ನಿಂತ ಗೆರೆಯನ್ನು ಮಲಗಿದ ಗೆರೆಗಿಂತ ಉದ್ದವೆಂದು ಎಣಿಸುತ್ತದೆ, ಅದರ ಕೈವಾಡ ಇದು. ಕಮಾನಿನ ಅಡ್ಡಕೊಯ್ತ, ಅಂದರೆ ಅಡ್ಡ ಕತ್ತರಿಸಿದರೆ ಕಾಣುವ ಆಕಾರ, ಸಮಬಾಹು ತ್ರಿಕೋನ. ಬುಡದಲ್ಲಿ ಅದರ ಬದಿ ಸುಮಾರು 16.5 ಮೀಟರ್, ನೆತ್ತಿಯಲ್ಲಿ 5 ಮೀಟರ್ ಚಿಲ್ಲರೆ. ಬುಡ ದಪ್ಪ, ನೆತ್ತಿ ತೆಳು, ಅಂದ ಮೇಲೆ ಇದು ಒಂದೇ ಸಮನಾದ ಸರಪಳಿಯ ಆಕಾರವಲ್ಲ. ಎರಡೂ ತುದಿಗೆ ಭಾರದ ಕೊಂಡಿ, ನಡುವೆ ಹಗುರ ಕೊಂಡಿ ಪೋಣಿಸಿದ ಸರಪಳಿಯದ್ದು. ಭಾರ ಎಲ್ಲಿ ಎಷ್ಟು ಅನ್ನುವುದು ಬದಲಾದರೆ ಗೆರೆಯೂ ಬದಲಾಗಲೇಬೇಕು.

ಇದನ್ನು ಕಟ್ಟಿ ಮುಗಿಸಿದ ದಿನ ಇನ್ನೊಂದು ವಿಜ್ಞಾನ ನಡುವೆ ಬಂತು. ಎರಡು ಕಾಲುಗಳು ಬೇರೆಬೇರೆಯಾಗಿ ಮೇಲೇರಿ ನೆತ್ತಿಯಲ್ಲಿ ಸೇರಬೇಕಿತ್ತು. 1965ರ ಅಕ್ಟೋಬರ್ 28ರಂದು ಕೊನೆಯ ತುಂಡು ಕೂರಿಸುವ ಹೊತ್ತಿಗೆ ಬಿಸಿಲು ತಗುಲಿದ ದಕ್ಷಿಣದ ಕಾಲು ಹಿಗ್ಗುತ್ತಿತ್ತು. ಅದನ್ನು ತಣ್ಣಗಿಡೋಕೆ ಅಗ್ನಿಶಾಮಕದ ಪೈಪ್‌ಗಳಿಂದ ನೀರು ಹಾಯಿಸಿದರು. ಅತಿ ಅನ್ನಿಸಬಹುದು. ಆದರೆ ಅಷ್ಟು ಉದ್ದದ ಉಕ್ಕು 10 ಡಿಗ್ರಿ ಬಿಸಿಯಾದರೆ 2 ಸೆಂ.ಮೀ.ಗಿಂತ ಜಾಸ್ತಿ ಬೆಳೆಯುತ್ತದೆ. ಒಂದೇ ಪಕ್ಕ ಬಿಸಿಯಾದರೆ ಕಾಲು ಬಾಗುತ್ತದೆ ಕೂಡ.

ಚಿಕ್ಕ ಮಾದರಿ ದೊಡ್ಡ ಶಿಲ್ಪವಾಗುವಾಗ

ಬಯಲಲ್ಲಿ ನಿಲ್ಲುವ ಯಾವ ಶಿಲ್ಪವೂ ಮೊದಲು ಮೇಜಿನ ಮೇಲಿನ ಮಾದರಿಯಾಗಿ ಹುಟ್ಟುತ್ತದೆ. ಅಂಗೈ ಅಗಲದ್ದನ್ನು ಹಾಗೇ ಹಿಗ್ಗಿಸಿಬಿಟ್ಟರೆ ಆಯಿತು ಅಂತ ಅನ್ನಿಸುತ್ತದೆ. ಆಗುವುದಿಲ್ಲ. ಮಾದರಿಯನ್ನು ಎಲ್ಲ ದಿಕ್ಕಿಗೂ 10 ಪಟ್ಟು ಹಿಗ್ಗಿಸಿ. ಉದ್ದ, ಅಗಲ, ಎತ್ತರ ಮೂರೂ ಹತ್ತು ಪಟ್ಟು, ಹಾಗಾಗಿ ತೂಕ 1,000 ಪಟ್ಟು. ಆ ತೂಕ ಹೊರುವುದು ಕಾಲಿನ ಅಡ್ಡಕೊಯ್ತ. ಅದು ಬರೀ 100 ಪಟ್ಟು ಹೆಚ್ಚುತ್ತದೆ. ಒಂದೊಂದು ಚದರ ಸೆಂಟಿಮೀಟರ್ ಮೇಲೂ 10 ಪಟ್ಟು ಹೊರೆ ಬಿದ್ದಂತಾಯಿತು. ಗೆಲಿಲಿಯೋ ಇದನ್ನೂ 1638ರ ಅದೇ ಪುಸ್ತಕದಲ್ಲಿ ಹೇಳಿದ್ದಾನೆ. ದೊಡ್ಡ ಪ್ರಾಣಿಯ ಮೂಳೆ ಚಿಕ್ಕ ಪ್ರಾಣಿಯ ಮೂಳೆಗಿಂತ ಬರೀ ಉದ್ದವಾದರೆ ಸಾಲದು, ಅದಕ್ಕೂ ಮೀರಿ ದಪ್ಪವಾಗಬೇಕು ಅಂತ ಚಿತ್ರ ಬಿಡಿಸಿ ತೋರಿಸಿದ.

ಅಮೆರಿಕದ ಶಿಲ್ಪಿ ಅಲೆಕ್ಸಾಂಡರ್ ಕಾಲ್ಡರ್ ಮಾಡಿದ ತೂಗು ಶಿಲ್ಪಗಳಲ್ಲಿ ಈ ಪೇಚು ಚೆನ್ನಾಗಿ ಕಾಣುತ್ತದೆ. ಅವನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಕಡ್ಡಿಯ ಒಂದು ತುದಿಗೆ ಲೋಹದ ಎಲೆ, ಇನ್ನೊಂದು ತುದಿಗೆ ಮತ್ತೊಂದು ಕಡ್ಡಿ, ಅದಕ್ಕೆ ಮತ್ತೆರಡು ಎಲೆ. ಎಲ್ಲವೂ ಒಂದೇ ತಂತಿಯಿಂದ ತೂಗುತ್ತವೆ, ಸಣ್ಣ ಗಾಳಿಗೂ ನಿಧಾನ ತಿರುಗುತ್ತವೆ, ಆದರೆ ವಾಲುವುದಿಲ್ಲ. ಇದರ ಹಿಂದಿನ ನಿಯಮ ಸನ್ನೆಕೋಲಿನದು. ಎಡಕ್ಕೆ 2 ಕಿಲೊ 30 ಸೆಂ.ಮೀ. ದೂರದಲ್ಲಿದ್ದರೆ ಬಲಕ್ಕೆ 1 ಕಿಲೊ 60 ಸೆಂ.ಮೀ. ದೂರದಲ್ಲಿರಬೇಕು. ತೂಕ ಗುಣಿಸು ದೂರ, ಎರಡು ಕಡೆ ಒಂದೇ ಬರಬೇಕು. ಇದನ್ನು ಮೇಲಿಂದ ಕೆಳಕ್ಕೆ ಕಟ್ಟೋಕೆ ಹೋದರೆ ಹುಚ್ಚು ಹಿಡಿಯುತ್ತದೆ. ಕೆಳಗಿನ ಎಲೆಯ ತೂಕ ತುಸು ಬದಲಾದರೂ ಮೇಲಿನ ಎಲ್ಲ ಕಡ್ಡಿಗಳ ಲೆಕ್ಕ ಕೆಡುತ್ತದೆ. ಅದಕ್ಕೇ ಅತ್ಯಂತ ಕೆಳಗಿನ ಕಡ್ಡಿಯಿಂದ ಶುರು. ಅದು ಸಮತೂಗಿದ ಮೇಲೆ ಅದರ ಪೂರ್ತಿ ತೂಕ ಆ ಒಂದು ಕೊಕ್ಕೆಯಲ್ಲಿ ಇದೆ ಅಂತ ಲೆಕ್ಕ ಹಿಡಿದು ಮೇಲಿನ ಕಡ್ಡಿಗೆ ಹೋಗುವುದು.

ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್‌ನಲ್ಲಿ 1977ರಿಂದ ಕಾಲ್ಡರನ ದೊಡ್ಡದೊಂದು ತೂಗು ಶಿಲ್ಪವಿದೆ. ಅಗಲ ಸುಮಾರು 23 ಮೀಟರ್. ಚಿಕ್ಕ ಮಾದರಿಯನ್ನು ಹಾಗೇ ಉಕ್ಕಿನಲ್ಲಿ ಹಿಗ್ಗಿಸಿದ್ದರೆ ಗಾಳಿ ಅದನ್ನು ಅಲುಗಾಡಿಸುವುದೂ ಕಷ್ಟವಾಗುತ್ತಿತ್ತು. ಕೊನೆಗೆ ಎಲೆಗಳನ್ನು ಒಳಗೆ ಜೇನುಗೂಡಿನಂಥ ಕೋಶಗಳಿರುವ ಅಲ್ಯೂಮಿನಿಯಂನಲ್ಲಿ ಮಾಡಿದರು. ತೂಕ ಸುಮಾರು 420 ಕಿಲೊಗೆ ಇಳಿಯಿತು. ಆಕಾರ ಉಳಿಸಿಕೊಳ್ಳೋಕೆ ವಸ್ತುವನ್ನೇ ಬದಲಿಸಬೇಕಾಯಿತು.

ಹೊರಗಿನ ಶಿಲ್ಪಕ್ಕೆ ತೂಕದ ಜೊತೆ ಗಾಳಿಯ ಕಾಟವೂ ಇದೆ. ಗಾಳಿಯ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಇಂಗ್ಲೆಂಡಿನ ಗೇಟ್ಸ್‌ಹೆಡ್‌ನಲ್ಲಿ ಆಂಟನಿ ಗಾರ್ಮ್‌ಲಿ 1998ರಲ್ಲಿ ನಿಲ್ಲಿಸಿದ ಏಂಜೆಲ್ ಆಫ್ ದ ನಾರ್ತ್ ನೋಡಿ. ಎತ್ತರ 20 ಮೀಟರ್, ಚಾಚಿದ ರೆಕ್ಕೆಗಳ ಅಗಲ 54 ಮೀಟರ್, ಅದೂ ಗುಡ್ಡದ ಮೇಲೆ. ಆ ರೆಕ್ಕೆಗಳು ಗಾಳಿಗೆ ಎದೆಯೊಡ್ಡಿದ ಗೋಡೆಗಳೇ. ಶಿಲ್ಪದ ತೂಕ 200 ಟನ್. ಅದನ್ನು ಹಿಡಿದಿಟ್ಟಿರುವ ಕಾಂಕ್ರೀಟಿನ ತೂಕ 600 ಟನ್, ಅದರ ಬೇರುಗಳು 20 ಮೀಟರ್ ಕೆಳಗಿನ ಬಂಡೆಯ ತನಕ ಇಳಿದಿವೆ. ಕಾಣುವ ಶಿಲ್ಪದ ಮೂರು ಪಟ್ಟು ನೆಲದಡಿಯಲ್ಲಿದೆ.

ಈ ಶಿಲ್ಪದ ಮೈ ತುಕ್ಕು ಬಣ್ಣ. ಬಣ್ಣ ಹೊಡೆಯೋದು ಮರೆತದ್ದಲ್ಲ. ಅದು ನಿಜವಾದ ತುಕ್ಕು, ಬೇಕೆಂದೇ ಬಿಟ್ಟದ್ದು. ಸಾಮಾನ್ಯ ಕಬ್ಬಿಣದ ತುಕ್ಕು ಪದರ ಪದರವಾಗಿ ಉದುರುತ್ತದೆ, ಉದುರಿದ ಕಡೆ ಹೊಸ ಕಬ್ಬಿಣಕ್ಕೆ ಮತ್ತೆ ತುಕ್ಕು. ಈ ಶಿಲ್ಪಕ್ಕೆ ಬಳಸಿದ ಕಾರ್ಟೆನ್ ಅನ್ನುವ ಉಕ್ಕಿಗೆ ತಾಮ್ರ, ಕ್ರೋಮಿಯಂ ಸ್ವಲ್ಪ ಸ್ವಲ್ಪ ಬೆರೆಸಿರುತ್ತಾರೆ. ಅದರ ತುಕ್ಕು ಒತ್ತೊತ್ತಾಗಿ ಕಚ್ಚಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯ ಹಸಿರೂ ಇಂಥದ್ದೇ. ಅವಳ ಮೈ 2.4 ಮಿ.ಮೀ. ದಪ್ಪದ ತಾಮ್ರದ ಹಾಳೆ. 1886ರಲ್ಲಿ ಅವಳು ನಿಂತಾಗ ಬಣ್ಣ ಕೆಂಗಂದು. ಗಾಳಿ, ತೇವ ಸೇರಿ ತಾಮ್ರದ ಮೇಲೆ ಹಸಿರು ಪೊರೆ ಕಟ್ಟಿತು, ಆ ಪೊರೆಯೇ ಈಗ ಕಾವಲು.

ಅವಳಿಗೆ ತೊಂದರೆ ಬಂದದ್ದು ಒಳಗಿನಿಂದ. ತಾಮ್ರದ ಹಾಳೆಯನ್ನು ಹಿಡಿದದ್ದು ಕಬ್ಬಿಣದ ಪಟ್ಟಿಗಳು. ಎರಡು ಬೇರೆ ಲೋಹ, ನಡುವೆ ಉಪ್ಪಿನ ತೇವ ಇದ್ದರೆ ಅದು ಒಂದು ಬ್ಯಾಟರಿ ಆದಂತೆ. ಅದರಲ್ಲಿ ಸವೆಯುವುದು ಕಬ್ಬಿಣ. ಕಟ್ಟಿದವರಿಗೆ ಇದು ಗೊತ್ತಿತ್ತು, ನಡುವೆ ಕಲ್ನಾರಿನ ಪದರ ಇಟ್ಟಿದ್ದರು. ಅದು ಕಾಲ ಕಳೆದಂತೆ ಹಾಳಾಯಿತು. 1980ರ ದಶಕದ ದುರಸ್ತಿಯಲ್ಲಿ ಕಬ್ಬಿಣದ ಪಟ್ಟಿಗಳನ್ನು ತೆಗೆದು ಸ್ಟೇನ್‌ಲೆಸ್ ಸ್ಟೀಲ್ ಹಾಕಿದರು, ನಡುವೆ ಟೆಫ್ಲಾನ್.

ಒಂದೇ ಜಾಗದಿಂದ ನೋಡಬೇಕಾದ ಚಿತ್ರ

ರಸ್ತೆಯ ಮೇಲೆ ಬರೆದ ಅಕ್ಷರಗಳ ಪಕ್ಕ ನಿಂತು ನೋಡಿದ್ದೀರಾ? ವಿಕಾರವಾಗಿ ಉದ್ದಕ್ಕೆ ಎಳೆದಂತೆ ಇರುತ್ತವೆ. ಬರೆದವರಿಗೆ ಬರೆಯಲು ಬರಲಿಲ್ಲ ಅಂತಲ್ಲ. ಚಾಲಕರ ಕಣ್ಣು ನೆಲದಿಂದ 1.2 ಮೀಟರ್ ಎತ್ತರದಲ್ಲಿದೆ ಅಂದುಕೊಳ್ಳಿ. ಮುಂದೆ 30 ಮೀಟರ್ ದೂರದಲ್ಲಿ 2.5 ಮೀಟರ್ ಉದ್ದದ ಅಕ್ಷರ ಶುರುವಾಗುತ್ತದೆ. ಅದರ ಆಚೆಯ ತುದಿ 32.5 ಮೀಟರ್‌ನಲ್ಲಿ. ಈಗ ಈಚೆಯ ತುದಿಯಲ್ಲಿ ಒಂದು ಹಲಗೆ ನಿಲ್ಲಿಸಿ, ಆಚೆಯ ತುದಿಯಿಂದ ಕಣ್ಣಿಗೆ ಬರುವ ಬೆಳಕು ಅದನ್ನು ಎಷ್ಟು ಎತ್ತರದಲ್ಲಿ ದಾಟುತ್ತದೆ ಅಂತ ನೋಡಿ. ಸಮರೂಪ ತ್ರಿಕೋನದ ಲೆಕ್ಕ: 1.2 ಗುಣಿಸು 2.5, ಭಾಗಿಸು 32.5. ಬರುವುದು ಸುಮಾರು 9 ಸೆಂ.ಮೀ. ಆಳೆತ್ತರದ ಅಕ್ಷರ ಬರೆದರೂ ಚಾಲಕರಿಗೆ ಕಾಣುವುದು ಗೇಣಿಗಿಂತ ಕಡಿಮೆ. ಮಾಮೂಲಿ ಅಳತೆಯಲ್ಲಿ ಬರೆದಿದ್ದರೆ ಬರೀ ಬಿಳಿ ಗೆರೆ ಕಾಣುತ್ತಿತ್ತು.

ನೆಲದಲ್ಲಿ ಗುಂಡಿ ಬಿದ್ದಂತೆ, ಜಲಪಾತ ಹರಿದಂತೆ ಬಿಡಿಸುವ ಬೀದಿಯ ಸೀಮೆಸುಣ್ಣದ ಚಿತ್ರಗಳಲ್ಲೂ ಇದೇ ಲೆಕ್ಕ. ಚಿತ್ರಕಾರ ಹೋಲ್ಬೈನ್ 1533ರ ತನ್ನ ಚಿತ್ರವೊಂದರಲ್ಲಿ ತಲೆಬುರುಡೆಯನ್ನು ಹೀಗೇ ಎಳೆದು ಬಿಡಿಸಿದ್ದಾನೆ. ಎದುರು ನಿಂತರೆ ಅದು ಅಡ್ಡಾದಿಡ್ಡಿ ಕಲೆ, ಓರೆಯಿಂದ ನೋಡಿದರೆ ಬುರುಡೆ. 2018ರಲ್ಲಿ ಕಲಾವಿದ ಫೆಲಿಚೆ ವರಿನಿ ಫ್ರಾನ್ಸಿನ ಕಾರ್ಕಸೋನ್ ಕೋಟೆಯ ಗೋಡೆ, ಬುರುಜುಗಳ ಮೇಲೆ ಹಳದಿ ಪಟ್ಟಿಗಳನ್ನು ಅಂಟಿಸಿದ. ಕೋಟೆಯ ಹತ್ತಿರ ಹೋದರೆ ಅಲ್ಲೊಂದು ಇಲ್ಲೊಂದು ತುಂಡು. ಒಂದು ನಿರ್ದಿಷ್ಟ ಜಾಗದಿಂದ ಮಾತ್ರ ಎಲ್ಲವೂ ಕೂಡಿ ಒಂದರೊಳಗೊಂದು ವೃತ್ತಗಳು.

ಇದು ಸಾಧ್ಯವಾಗುವುದಕ್ಕೆ ಕಾರಣ ಬೆಳಕು ನೇರ ಗೆರೆಯಲ್ಲಿ ಬರುವುದು. ಒಂದೇ ಗೆರೆಯ ಮೇಲೆ ಹತ್ತಿರದ ಚುಕ್ಕಿ ಇದ್ದರೂ, ದೂರದ ಚುಕ್ಕಿ ಇದ್ದರೂ ಒಂಟಿ ಕಣ್ಣಿಗೆ ಒಂದೇ ಜಾಗದಲ್ಲಿ ಕಾಣುತ್ತದೆ. ಹಾಗಾಗಿ ಒಂದು ವೃತ್ತವನ್ನು ಸಾವಿರ ತುಂಡು ಮಾಡಿ ಬೇರೆಬೇರೆ ದೂರದಲ್ಲಿಟ್ಟರೂ ಆ ಒಂದು ಬಿಂದುವಿನಿಂದ ವೃತ್ತವೇ. ಬೀದಿಯ ಚಿತ್ರ ಫೋಟೊದಲ್ಲಿ ಅಷ್ಟು ನಿಜ ಅನ್ನಿಸಿ, ಎದುರು ಹೋದಾಗ ಸಪ್ಪೆಯಾಗುವುದು ಇದರಿಂದಲೇ. ಕ್ಯಾಮೆರಾಗೆ ಇರುವುದು ಒಂದೇ ಕಣ್ಣು. ನಮಗೆ ಎರಡು, ಅದೂ ಬೇರೆಬೇರೆ ಜಾಗದಲ್ಲಿ. ಹತ್ತಿರದ ಚಿತ್ರ ಚಪ್ಪಟೆ ಅನ್ನುವುದನ್ನು ಅವು ಹಿಡಿದುಬಿಡುತ್ತವೆ. ಒಂದು ಕಣ್ಣು ಮುಚ್ಚಿ ನೋಡಿದರೆ ಮೋಸ ಮತ್ತೆ ಕೆಲಸ ಮಾಡುತ್ತದೆ.

ನೆಲಹಾಸಿನ ಲೆಕ್ಕ

ಕಾಲುದಾರಿಯ ಹಾಸುಗಲ್ಲುಗಳಲ್ಲಿ ಚೌಕ, ಆಯತ, ಷಟ್ಕೋನ ಸಾಕಷ್ಟು ಕಾಣುತ್ತವೆ. ಬದಿ, ಮೂಲೆಗಳೆಲ್ಲ ಸಮನಾದ ಪಂಚಕೋನ ಮಾತ್ರ ಕಾಣುವುದಿಲ್ಲ. ಅದರ ಒಂದೊಂದು ಮೂಲೆ 108 ಡಿಗ್ರಿ. ಒಂದು ಬಿಂದುವಿನ ಸುತ್ತ 360 ಡಿಗ್ರಿ ತುಂಬಬೇಕು. ಮೂರು ಪಂಚಕೋನ ಇಟ್ಟರೆ 324, ಸೀಳು ಉಳಿಯುತ್ತದೆ. ನಾಲ್ಕಿಟ್ಟರೆ 432, ಹಿಡಿಸುವುದೇ ಇಲ್ಲ. ಸಮಬಾಹು ತ್ರಿಕೋನ, ಚೌಕ, ಷಟ್ಕೋನ ಇವು ಮೂರರ ಮೂಲೆ ಮಾತ್ರ 360ನ್ನು ಸರಿಯಾಗಿ ಭಾಗಿಸುತ್ತದೆ.

ಬದಿ, ಮೂಲೆಗಳೆಲ್ಲ ಸಮ ಇರಬೇಕಿಲ್ಲ ಅಂದರೆ ಪಂಚಕೋನವೂ ನೆಲ ತುಂಬುತ್ತದೆ. ಒಳಗೆ ತಗ್ಗಿಲ್ಲದ ಅಂಥ ಪಂಚಕೋನಗಳಲ್ಲಿ 15 ಬಗೆ. ಅವುಗಳಲ್ಲಿ ನಾಲ್ಕನ್ನು ಕಂಡುಹಿಡಿದವರು 1970ರ ದಶಕದಲ್ಲಿ ಮನೆ ನೋಡಿಕೊಂಡಿದ್ದ ಅಮೆರಿಕದ ಮಾರ್ಜೊರಿ ರೈಸ್. ಗಣಿತದ ಓದು ಅವರಿಗೆ ಶಾಲೆಯ ಮಟ್ಟದ್ದಷ್ಟೇ. ಹದಿನೈದನೆಯದು ಸಿಕ್ಕಿದ್ದು 2015ರಲ್ಲಿ. ನೆಲಹಾಸಿನಂಥ ಹಳೆಯ ವಿಷಯದಲ್ಲಿ ಇಷ್ಟು ತಡವಾಗಿ ಹೊಸದು ಸಿಗುತ್ತದೆ ಅನ್ನುವುದೇ ನನಗೆ ಆಶ್ಚರ್ಯ.

ಆಕ್ಸ್‌ಫರ್ಡ್‌ನ ಗಣಿತ ಸಂಸ್ಥೆಯ 2013ರ ಕಟ್ಟಡದ ಬಾಗಿಲ ಮುಂದೆ ವಿಚಿತ್ರವಾದ ನೆಲಹಾಸಿದೆ. ಎರಡೇ ಆಕಾರದ ಕಲ್ಲು, ಒಂದು ದಪ್ಪ ವಜ್ರಾಕೃತಿ, ಒಂದು ತೆಳು ವಜ್ರಾಕೃತಿ. ಗಣಿತಜ್ಞ ರೋಜರ್ ಪೆನ್‌ರೋಸ್ 1970ರ ದಶಕದಲ್ಲಿ ಕಂಡುಕೊಂಡ ಜೋಡಣೆ ಅದು. ಎಷ್ಟು ದೂರ ಹಾಸಿದರೂ ಸಂದು ಬರುವುದಿಲ್ಲ, ಆದರೆ ವಿನ್ಯಾಸ ಎಂದೂ ಮೊದಲಿನಂತೆ ಪುನರಾವರ್ತನೆ ಆಗುವುದಿಲ್ಲ. ಯಾಕೆ ಆಗುವುದಿಲ್ಲ ಅನ್ನುವುದಕ್ಕೆ ಚಂದದ ಕಾರಣವಿದೆ. ಹಾಸುತ್ತಾ ಹೋದಂತೆ ದಪ್ಪ ಕಲ್ಲಿಗೂ ತೆಳು ಕಲ್ಲಿಗೂ ಇರುವ ಅನುಪಾತ 1.618… ಅನ್ನುವ ಸಂಖ್ಯೆಯ ಹತ್ತಿರ ಹತ್ತಿರ ಹೋಗುತ್ತದೆ. ವಿನ್ಯಾಸ ಮರುಕಳಿಸುವಂತಿದ್ದರೆ ಒಂದು ತುಂಡಿನಲ್ಲಿ ಇಂತಿಷ್ಟು ದಪ್ಪ, ಇಂತಿಷ್ಟು ತೆಳು ಅಂತ ಎಣಿಸಬಹುದಿತ್ತು, ಅನುಪಾತ ಎರಡು ಪೂರ್ಣ ಸಂಖ್ಯೆಗಳ ಭಾಗಾಕಾರ ಆಗುತ್ತಿತ್ತು. ಆದರೆ ಈ 1.618… ಯಾವ ಎರಡು ಪೂರ್ಣ ಸಂಖ್ಯೆಗಳ ಭಾಗಾಕಾರವೂ ಅಲ್ಲ. ಇಂಥದ್ದೇ ಕ್ರಮವನ್ನು ವಿಜ್ಞಾನಿ ಡ್ಯಾನ್ ಶೆಕ್ಟ್‌ಮನ್ 1982ರಲ್ಲಿ ಒಂದು ಲೋಹದ ಹರಳಿನಲ್ಲಿ ಕಂಡರು. ಮೊದಮೊದಲು ಬಹಳ ಜನ ನಂಬಲಿಲ್ಲ. 2011ರಲ್ಲಿ ಅದಕ್ಕೇ ರಸಾಯನಶಾಸ್ತ್ರದ ನೊಬೆಲ್ ಬಂತು.

ಇಟ್ಟ ಗಣಿತ, ಹೊರಿಸಿದ ಗಣಿತ

ಎಲ್ಲ ಗಣಿತವೂ ಒತ್ತಾಯದಿಂದ ಬಂದದ್ದಲ್ಲ. ಕಲಾವಿದ ಬೇಕೆಂದೇ ಇಟ್ಟದ್ದೂ ಇದೆ. ಬಾರ್ಸಿಲೋನಾದ ಸಗ್ರಾದಾ ಫಮಿಲಿಯಾ ಚರ್ಚಿನ ಒಂದು ಮುಖದಲ್ಲಿ ಶಿಲ್ಪಿ ಸುಬಿರಾಕ್ಸ್ ಕೆತ್ತಿದ ಮಾಯಾಚೌಕವಿದೆ. ಅದರ ನಾಲ್ಕು ಸಾಲು ಹೀಗಿವೆ.

1, 14, 14, 4
11, 7, 6, 9
8, 10, 10, 5
13, 2, 3, 15

ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ, ಎಲ್ಲಿ ಕೂಡಿದರೂ 33. ಶಿಲುಬೆಗೇರಿದಾಗ ಕ್ರಿಸ್ತನಿಗಿತ್ತು ಎನ್ನುವ ವಯಸ್ಸು. ಆದರೆ 1ರಿಂದ 16ರ ತನಕ ಒಂದೊಂದೇ ಬಾರಿ ಬಳಸುವ ಚೌಕದಲ್ಲಿ ಮೊತ್ತ 34 ಬರಲೇಬೇಕು. ಎಲ್ಲ ಕೂಡಿದರೆ 136, ನಾಲ್ಕು ಸಾಲು, ತಲಾ 34. ಚಿತ್ರಕಾರ ಡ್ಯೂರರ್ 1514ರ ತನ್ನ ಚಿತ್ರದಲ್ಲಿ ಅಂಥ ಚೌಕ ಹಾಕಿದ್ದಾನೆ. ಅದನ್ನು ತಲೆಕೆಳಗು ಮಾಡಿ 15, 12, 11, 16 ಇವು ನಾಲ್ಕನ್ನು ಒಂದೊಂದು ಕಡಿಮೆ ಮಾಡಿ ನೋಡಿ. ಚರ್ಚಿನ ಚೌಕ ಬರುತ್ತದೆ. ಆ ನಾಲ್ಕು ಮನೆಗಳು ಪ್ರತಿ ಅಡ್ಡಸಾಲಿಗೆ ಒಂದು, ಪ್ರತಿ ಉದ್ದಸಾಲಿಗೆ ಒಂದು, ಎರಡು ಕರ್ಣಕ್ಕೂ ಒಂದೊಂದು ಅನ್ನುವಂತೆ ಕೂತಿವೆ. ಹಾಗಾಗಿ ಎಲ್ಲ ಮೊತ್ತವೂ ಸರಿಯಾಗಿ ಒಂದು ಇಳಿಯುತ್ತದೆ. ಬೆಲೆ ತೆತ್ತದ್ದು 12 ಮತ್ತು 16. ಅವೆರಡೂ ಮಾಯವಾಗಿ, 10 ಮತ್ತು 14 ಎರಡೆರಡು ಸಲ ಬಂದವು.

ಮೂರನೆಯ ಬಗೆ ನಾವೇ ಹೊರಿಸುವ ಗಣಿತ. ಆಗಲೇ ಬಂದ 1.618ಕ್ಕೆ ಗೋಲ್ಡನ್ ರೇಶಿಯೊ ಅಂತ ಹೆಸರು. ಇದನ್ನು ಹಳೆಯ ದೇವಾಲಯ, ಪ್ರಸಿದ್ಧ ಮುಖ, ಶಂಖ, ಕಂಪನಿಗಳ ಲಾಂಛನ, ಎಲ್ಲದರಲ್ಲೂ ಕಂಡೆವು ಅನ್ನುವವರಿದ್ದಾರೆ. ಫೋಟೊ ಮೇಲೆ ದಪ್ಪ ಗೆರೆ ಎಳೆದು, ಎಲ್ಲಿಂದ ಎಲ್ಲಿಗೆ ಬೇಕೋ ಅಲ್ಲಿಗೆ ಅಳೆದರೆ ಯಾವ ಸಂಖ್ಯೆ ಬೇಕಾದರೂ ಸಿಗುತ್ತದೆ. ನಾಟಿಲಸ್ ಶಂಖದ ಉದಾಹರಣೆ ಎಲ್ಲರ ಬಾಯಲ್ಲೂ ಇದೆ. ಅದರ ಸುರುಳಿ ಒಂದು ಸುತ್ತಿಗೆ ಸುಮಾರು ಮೂರು ಪಟ್ಟು ಹಿಗ್ಗುತ್ತದೆ. ಗೋಲ್ಡನ್ ಸುರುಳಿ ಆಗಬೇಕಿದ್ದರೆ ಹೆಚ್ಚುಕಡಿಮೆ ಏಳು ಪಟ್ಟು ಹಿಗ್ಗಬೇಕಿತ್ತು. ಸೂರ್ಯಕಾಂತಿಯ ಮಾತು ಬೇರೆ, ಅಲ್ಲಿ ಅದು ನಿಜವಾಗಿ ಇದೆ. ಹೊಸ ಬೀಜ ಹಿಂದಿನದಕ್ಕಿಂತ ಸುಮಾರು 137.5 ಡಿಗ್ರಿ ತಿರುಗಿ ಹುಟ್ಟುತ್ತದೆ. 90 ಡಿಗ್ರಿ ತಿರುಗಿದ್ದರೆ ನಾಲ್ಕೇ ಸಾಲಾಗಿ ನಡುವೆ ಜಾಗ ಖಾಲಿ ಉಳಿಯುತ್ತಿತ್ತು. ಈ ಕೋನದಲ್ಲಿ ಯಾವ ಬೀಜವೂ ಇನ್ನೊಂದರ ನೇರಕ್ಕೆ ಬೀಳುವುದಿಲ್ಲ, ಹೂವಿನ ತಟ್ಟೆ ಒತ್ತಾಗಿ ತುಂಬುತ್ತದೆ. ಇಲ್ಲಿ "ಇದೇ ಯಾಕೆ" ಅನ್ನುವುದಕ್ಕೆ ಉತ್ತರವಿದೆ. ಮುಖ, ಲಾಂಛನಗಳ ವಿಷಯದಲ್ಲಿ ಅಂಥ ಉತ್ತರ ಯಾರೂ ಕೊಡುವುದಿಲ್ಲ.

ಮರದ ಕೆಳಗೆ ಅಳೆಯಬಹುದಾದ ಸೂರ್ಯ

ಕೊನೆಗೆ, ಕಾಸು ಖರ್ಚಿಲ್ಲದೆ ನೀವೇ ಮಾಡಬಹುದಾದ ಒಂದು ಅಳತೆ. ದಟ್ಟ ಎಲೆಗಳ ಮರದ ಕೆಳಗೆ ಬಿಸಿಲು ಚುಕ್ಕೆ ಚುಕ್ಕೆಯಾಗಿ ಬಿದ್ದಿರುತ್ತದೆ. ಎಲೆಗಳ ನಡುವಿನ ಸಂದುಗಳು ಅಡ್ಡಾದಿಡ್ಡಿ. ಆದರೆ ನೆಲದ ಚುಕ್ಕೆಗಳು ದುಂಡಗಿರುತ್ತವೆ. ಸಂದಿನ ಆಕಾರ ಎಲ್ಲಿ ಹೋಯಿತು?

ಪ್ರತಿ ಸಂದೂ ಒಂದು ಸೂಜಿರಂಧ್ರ ಕ್ಯಾಮೆರಾ. ಸೂರ್ಯನ ಮೇಲಂಚಿನ ಬೆಳಕು ಸಂದಿನಿಂದ ನುಗ್ಗಿ ಕೆಳಕ್ಕೆ, ಕೆಳಂಚಿನ ಬೆಳಕು ಮೇಲಕ್ಕೆ ಬೀಳುತ್ತದೆ. ನೆಲದ ಮೇಲಿರುವುದು ಸೂರ್ಯನ ತಲೆಕೆಳಗಾದ ಚಿತ್ರ. ಸೂರ್ಯ ದುಂಡಗಿರುವುದರಿಂದ ತಲೆಕೆಳಗಾದದ್ದು ಗೊತ್ತಾಗುವುದಿಲ್ಲ. ಪಾರ್ಶ್ವ ಸೂರ್ಯಗ್ರಹಣದ ದಿನ ಅದೇ ಮರದ ಕೆಳಗೆ ನೂರಾರು ಕುಡುಗೋಲಿನಾಕಾರದ ಚುಕ್ಕೆಗಳು ಕಾಣುತ್ತವೆ. ಆಗ ಗುಟ್ಟು ಬಯಲು.

ಈ ಚುಕ್ಕೆಯ ಅಗಲ ಸಂದಿನಿಂದ ನೆಲಕ್ಕಿರುವ ದೂರದ ಸುಮಾರು 108ನೇ ಒಂದು ಭಾಗ. ಸಂದು 6.5 ಮೀಟರ್ ದೂರದಲ್ಲಿದ್ದರೆ ಚುಕ್ಕೆ 6 ಸೆಂ.ಮೀ. ಸೂರ್ಯನೂ ತನ್ನ ವ್ಯಾಸದ ಸುಮಾರು 108 ಪಟ್ಟು ದೂರದಲ್ಲಿದ್ದಾನೆ. ಮತ್ತೆ ಅದೇ ಸಮರೂಪ ತ್ರಿಕೋನ. ಸೂರ್ಯನಿಗೆ ಇರುವ ದೂರ ಸುಮಾರು 15 ಕೋಟಿ ಕಿಲೊಮೀಟರ್ ಅನ್ನುವುದು ಗೊತ್ತಿದ್ದರೆ, 108ರಿಂದ ಭಾಗಿಸಿ. 13.9 ಲಕ್ಷ ಕಿ.ಮೀ. ವ್ಯಾಸ ಬರುತ್ತದೆ.

ಮರದಲ್ಲಿ ಯಾವ ಸಂದು ಎಷ್ಟು ಎತ್ತರದಲ್ಲಿದೆ ಅಂತ ಹೇಳುವುದು ಕಷ್ಟ. ಅದಕ್ಕೆ ರಟ್ಟಿನಲ್ಲಿ 5 ಮಿ.ಮೀ. ತೂತು ಮಾಡಿ, ಮಹಡಿಯಿಂದ ಯಾರಾದರೂ ಅದನ್ನು ಬಿಸಿಲಿಗೆ ಎದುರಾಗಿ ಹಿಡಿದರೆ ಲೆಕ್ಕ ಸಲೀಸು. ತೂತು ಚೌಕವಾಗಿ ಕೊರೆದರೂ ಬೀಳುವ ಚುಕ್ಕೆ ದುಂಡಗೇ ಇರುತ್ತದೆ. ಅಂಚು ತುಸು ಮಸುಕಾಗಿರುತ್ತದೆ, ತೂತಿನ ಅಗಲವನ್ನು ಅಳತೆಯಿಂದ ಕಳೆದುಬಿಡಿ. ಸೂರ್ಯ ನೆತ್ತಿಯ ಮೇಲಿಲ್ಲದಿದ್ದರೆ ಚುಕ್ಕೆ ಮೊಟ್ಟೆಯಂತೆ ಉದ್ದವಾಗುತ್ತದೆ. ಆಗ ಅದರ ಕಿರಿದಾದ ಕಡೆಯನ್ನೇ ಅಳೆಯಬೇಕು, ದೂರವನ್ನೂ ನೆಟ್ಟಗೆ ಕೆಳಕ್ಕಲ್ಲ, ಬಿಸಿಲು ಬರುವ ಓರೆಯಲ್ಲೇ ತಗೊಳ್ಳಬೇಕು. ಮತ್ತೆ, ತೂತಿನ ಮೂಲಕ ಸೂರ್ಯನನ್ನು ಎಂದಿಗೂ ನೋಡಬೇಡಿ. ನೆಲ ನೋಡಿದರೆ ಸಾಕು.